ಖಾಲಿ ಗಾಡಿಯ ತೂಕ

ಮೂರು ತಿಂಗಳಿಂದ ಲಕ್ಕವ್ವನ ತೂಕ ನಲವತ್ತೊಂದು ಕಿಲೋ. ಹೆಚ್ಚಿಲ್ಲ, ಕಡಿಮೆಯಿಲ್ಲ. ಉಗಾರ ಖುರ್ದದ ಹೊರಗಿನ ವೃದ್ಧಾಶ್ರಮದಲ್ಲಿ ನರ್ಸ್ ಆಗಿದ್ದ ಸಾರಿಕಾಳಿಗೆ ಇದರಿಂದ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಎಂಬತ್ತರ ಮುದುಕಿಯ ಕುಪ್ಪಸದ ತೋಳು ಜೋತಾಡುತ್ತಿತ್ತು. ಮೀನಖಂಡಕ್ಕೆ ಟೇಪು ಸುತ್ತಿದರೆ ಹೋದ ತಿಂಗಳು ಮೂವತ್ತು ಸೆಂಟಿಮೀಟರ್ ಇದ್ದದ್ದು ಇವತ್ತು ಇಪ್ಪತ್ತೆಂಟಕ್ಕೆ ಇಳಿದಿತ್ತು. ಮೈ ಕರಗುತ್ತಿದೆ, ತೂಕದ ಕಾಟಾದ ಮುಳ್ಳು ಮಾತ್ರ ಕದಲುತ್ತಿಲ್ಲ!

ಸಾರಿಕಾ ತಾನೇ ಕಾಟಾ ಹತ್ತಿ ನೋಡಿದಳು. ಅದು ಸರಿಯಾಗಿಯೇ ಇತ್ತು. ಹಾಗಾದರೆ ಒಳಗೆಲ್ಲೋ ನೀರು ತುಂಬುತ್ತಿದೆಯೇ? ಪಾದ ಒತ್ತಿ ನೋಡಿದಳು, ಬಾವು ಇರಲಿಲ್ಲ. ಮೂರು ತಿಂಗಳು ವಹಿಯಲ್ಲಿ ‘ಚೆನ್ನಾಗಿದ್ದಾರೆ’ ಎಂದು ಬರೆದ ಕೈ ತನ್ನದೇ ತಾನೆ.

“ಆಯಿ, ಕುರ್ಚಿಯಿಂದ ಐದು ಸಲ ಎದ್ದು ಕೂಡ್ರಿ. ಕೈ ಊರಬ್ಯಾಡ್ರಿ,” ಅಂದಳು.

“ಕಬ್ಬಿನ ಹೊರಿ ಹೊತ್ತಾಕಿಗಿ ಕುರ್ಚಿಯಿಂದ ಏಳೂದು ಕಲಸ್ತಿ?” ಎಂದು ಲಕ್ಕವ್ವ ನಕ್ಕಳು. ಆದರೆ ಎರಡನೇ ಸಲಕ್ಕೇ ತೊಡೆ ನಡುಗಿತು. ಮೂರನೇ ಸಲ ಎದ್ದಾಗ ಅವಳ ಕಚ್ಚೆ ಸೀರೆಯ ಉಡಿಯಿಂದ ಏನೋ ಜಾರಿ ನೆಲಕ್ಕೆ ದಪ್ಪೆಂದು ಬಿತ್ತು.

ಎಲೆ ಅಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿ! ಅದು ಪಕ್ಕದ ಮಂಚದ ರಹಿಮಾಬಿಯದು. ಬಾಯಲ್ಲಿ ಒಂದೂ ಹಲ್ಲಿಲ್ಲದ ಆಕೆಗೆ ಅದಿಲ್ಲದೆ ಒಂದು ಹೊತ್ತೂ ಕಳೆಯದು. ಈಗ ಆ ರಹಿಮಾಬಿ ಸೆರಗು ಮುಖದ ಮೇಲೆಳೆದುಕೊಂಡು ಗೋಡೆಯತ್ತ ಹೊರಳಿದ್ದಳು.

ಸಾರಿಕಾ ಲಕ್ಕವ್ವನ ಉಡಿಗೆ ಕೈ ಹಾಕಿದಾಗ ಬಟ್ಟೆ ಒಗೆಯುವ ಕಟ್ಟೆಯ ಬಳಿಯ ಎರಡು ಕಲ್ಲುಗಳೂ ಸಿಕ್ಕವು. ನಲವತ್ತು ಹಂಗಾಮು ಗಂಡನ ಜೊತೆ ಶಿರಗುಪ್ಪಿಯಿಂದ ಕಬ್ಬಿನ ಗಾಡಿ ಹೊಡೆದು ಸಕ್ಕರೆ ಕಾರ್ಖಾನೆಯ ಕಾಟಾದ ಮುಂದೆ ಸಾಲುಗಟ್ಟಿ ನಿಂತು, ಮೊದಲು ತುಂಬಿದ ಗಾಡಿ, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ತೂಗಿಸಿದವಳು ಲಕ್ಕವ್ವ. ತೂಕದ ಮುಂದೆ ಸುಮ್ಮನೆ ತಲೆ ಬಾಗಿಸುವವಳಲ್ಲ. ತಿಂಗಳಿಗೆ ಒಂದೊಂದು ಭಾರ ಹೆಚ್ಚಿಸುತ್ತ ಬಂದಿದ್ದಳು.

“ಯಾಕ್ರಿ ಆಯಿ?” ಸಾರಿಕಾಳಿಗೆ ಸಿಟ್ಟು ಬಂತು, ಅಳುವೂ ಬಂತು.

“ತೂಕ ಇಳದ್ರ ಮಿರಜಿನ ದವಾಖಾನಿಗಿ ಒಯ್ತೀರಿ. ಅನುಸೂಯಾನ್ನ ಒಯ್ದ್ರಿ. ಎಂಟ ದಿನದಾಗ ಬರ್ತಾಳ ಅಂತ ನೀನ ಹೇಳಿದ್ದಿ. ಬಂದ್ಲೇನು?”

ಕಿಟಕಿ ಬದಿಯ ಮಂಚದ ಅನುಸೂಯಾ ಅಲ್ಲಿಯೇ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಧೈರ್ಯ ಹೇಳಲೆಂದು ಆಡಿದ ಆ ಮಾತು ಹೀಗೆ ಕಲ್ಲಾಗಿ ಉಡಿ ಸೇರುತ್ತದೆಂದು ಸಾರಿಕಾಳಿಗೆ ಹೊಳೆದಿರಲಿಲ್ಲ.

“ತಪ್ಪಾತ್ರಿ ಆಯಿ. ಇನ್ನ ಮ್ಯಾಲ ಇಷ್ಟ ದಿನದಾಗ ಬರ್ತಾರ ಅಂತ ಹೇಳೂದಿಲ್ಲ. ಆದ್ರ ನಿಮಗ ಏನಾಗೇತಿ ಅನ್ನೂದು ತಿಳೀಬೇಕಲ್ರಿ. ನಾನೂ ಜೋಡಿ ಬರ್ತೀನಿ, ಅಲ್ಲೇ ಇರ್ತೀನಿ. ಮತ್ತೊಮ್ಮೆ ಹತ್ರಿ.”

“ಖಾಲಿ ಗಾಡಿ ತೂಗಾಕತ್ತಿ ಅನ್ನು,” ಎನ್ನುತ್ತ ಲಕ್ಕವ್ವ ಹತ್ತಿದಳು. ಮುಳ್ಳು ಮೂವತ್ತೆಂಟರಲ್ಲಿ ನಿಂತಿತು. ಸಾರಿಕಾ ಹಳೆಯ ಮೂರು ಸಂಖ್ಯೆಗಳ ಪಕ್ಕ ‘ತಪ್ಪು’ ಎಂದು ಬರೆದು ಮಿರಜಿನ ಡಾಕ್ಟರಿಗೆ ಫೋನು ಹಚ್ಚಿದಳು. ಇವತ್ತೇ ಕರೆತನ್ನಿ ಅಂದರು.

ಮಧ್ಯಾಹ್ನ ದವಾಖಾನೆಯ ಗಾಡಿ ಬಂತು. ಲಕ್ಕವ್ವ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಸಾರಿಕಾ ಎಷ್ಟು ಹೇಳಿದರೂ ಕೈ ಬಿಡಲೊಲ್ಲಳು. ಆಗ ರಹಿಮಾಬಿ ಗೋಡೆ ಹಿಡಿಯುತ್ತ ಬಂದು ಲಕ್ಕವ್ವನ ಉಡಿಗೆ ಕುಟ್ಟಾಣಿಯನ್ನು ತುರುಕಿದಳು.

“ನಮ್ಮ ಅಮ್ಮಾಂದೈತಿ ಅದು, ಯಾರ ಕೈಯಾಗೂ ಕಳಸಬ್ಯಾಡ. ನೀನ ತಂದ ಕೊಡಬೇಕು.”

“ನಾ ಬರೂ ಮಟಾ ನಿನ್ನ ಅಡಿಕಿ?”

“ತಿನ್ನೂದಿಲ್ಲ.”

ಲಕ್ಕವ್ವ ಗೆಳತಿಯ ಬೊಚ್ಚುಬಾಯಿಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಚೌಕಟ್ಟು ಬಿಟ್ಟು, ಎರಡೂ ಕೈಯಿಂದ ಉಡಿ ಹಿಡಿದುಕೊಂಡು ಗಾಡಿ ಹತ್ತಿದಳು.