ಕೆರೆಗೆ ಹಾರಿದ ಟೆಂಟು

ಹೊಲಿಗೆಯಂಗಡಿಗೆ ಬೀಗ ಹಾಕಿ ಟೈಲರಮ್ಮ ಕೆರೆ ದಂಡೆಯ ಕ್ಯಾಂಪಿಗೆ ಹೊರಟಿದ್ದು, ಗಂಡನೂ ತಮ್ಮನೂ ಒಂದು ಸಲವಾದರೂ ಜೊತೆಗೆ ನಗುವುದನ್ನು ನೋಡುವ ಆಸೆಯಿಂದ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಎಲೆಕ್ಟ್ರಿಷಿಯನ್ ಗಂಡ ಹಾಸಿಗೆ, ಒಲೆ, ಬಚ್ಚಲು ಎಲ್ಲ ಇರುವ ಮನೆಗಾಡಿಯನ್ನೇ ಬಾಡಿಗೆಗೆ ತಂದಿದ್ದ. ಬೇಕರಿಯಲ್ಲಿ ದುಡಿಯುವ ತಮ್ಮ ಹೆಗಲ ಮೇಲೆ ಟೆಂಟು ಹೊತ್ತು ಬಂದಿದ್ದ.

“ಮನೇನೇ ಎಳ್ಕೊಂಡು ಬರೋದಾದ್ರೆ ಮನೇಲೇ ಇರಬಹುದಿತ್ತಲ್ಲ, ಭಾವ?”

“ಸೊಳ್ಳೆ ಕಚ್ಚಿದಾಗ ಅಕ್ಕಾ ಅಂತ ಕೂಗಬೇಡಪ್ಪ, ಅಷ್ಟೇ.”

ಟೈಲರಮ್ಮ ಕೇಳಿಯೂ ಕೇಳದವಳಂತೆ ಮರದ ಮೇಜಿನ ಮೇಲೆ ಈರುಳ್ಳಿ ಹೆಚ್ಚತೊಡಗಿದಳು.

ತಮ್ಮ ಟೆಂಟು ಎಬ್ಬಿಸಿ, ಗೂಟ ಹೊಡೆಯುವ ಮೊದಲು ದೂರ ನಿಂತು ಅದರ ಚೆಂದ ನೋಡುತ್ತಿದ್ದ. ಆಗಲೇ ಗಾಳಿ ಬೀಸಿತು. ಟೆಂಟು ಒಮ್ಮೆ ಕುಪ್ಪಳಿಸಿ, ಪಲ್ಟಿ ಹೊಡೆದು, ಪಕ್ಕದವರು ಬಟ್ಟೆ ಒಣಹಾಕಿದ್ದ ಹಗ್ಗ ದಾಟಿ ನೇರ ನೀರಿಗೇ ಇಳಿಯಿತು. ಕೊಬ್ಬಿದ ಬಾತುಕೋಳಿಯಂತೆ ತೇಲತೊಡಗಿತು.

ತಮ್ಮ ಬಾಯಿ ಬಿಟ್ಟುಕೊಂಡು ನಿಂತ. ಮೊದಲು ಓಡಿದವನು ಭಾವ. ಪ್ಯಾಂಟು ಮಡಚುವಷ್ಟೂ ತಾಳ್ಮೆಯಿಲ್ಲದೆ ನೀರಿಗೆ ಇಳಿದೇಬಿಟ್ಟ.

“ಆ ಕಡೆಯಿಂದ ಬಾರೋ! ಹಿಡಿ, ಬಾಲ ಹಿಡಿ!”

“ಟೆಂಟಿಗೆ ಬಾಲ ಎಲ್ಲಿದೆ ಭಾವ?” ಎನ್ನುತ್ತಲೇ ತಮ್ಮನೂ ಧುಮುಕಿದ.

ಸೊಂಟದ ಮಟ್ಟದ ನೀರು. ಕೆಸರಿನಲ್ಲಿ ಕಾಲು ಜಾರಿ ಇಬ್ಬರೂ ಒಟ್ಟಿಗೇ ಮುಳುಗಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದರು. ದಂಡೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಟೈಲರಮ್ಮ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕುಸಿದಳು; ಕಣ್ಣೀರು ಈರುಳ್ಳಿಯದೋ ನಗುವಿನದೋ ಅವಳಿಗೇ ತಿಳಿಯಲಿಲ್ಲ.

ಟೆಂಟು ದಡ ಸೇರಿತು. ನಡುಗುತ್ತಾ ಮನೆಗಾಡಿಯತ್ತ ಹೋದ ಗಂಡ ಜೇಬಿನಿಂದ ರಿಮೋಟ್ ಕೀಲಿ ತೆಗೆದರೆ ಅದರಿಂದ ನೀರು ಸುರಿಯಿತು. ಇಳಿದಾಗಲೆಲ್ಲ ಬಾಗಿಲಿಗೆ ಬೀಗ ಹಾಕುವುದು ಅವನ ಚಾಳಿ. ಕೀಲಿ ಒತ್ತಿದ, ಊದಿದ, ಒರೆಸಿ ಮತ್ತೆ ಒತ್ತಿದ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಟೈಲರಮ್ಮ ಗಾಡಿಯವನಿಗೆ ಫೋನ್ ಮಾಡಿದಳು. ಬೇರೆ ಕೀಲಿ ತರಲು ಬೆಳಗಾಗುತ್ತದೆ ಎಂದ.

ತಮ್ಮ ಈಗ ಚುಚ್ಚದೆ ಬಿಡುವುದಿಲ್ಲ ಎಂದುಕೊಂಡಳು ಅವಳು. ಅವನು ಚೀಲದಿಂದ ಒಣ ಬಟ್ಟೆ ತೆಗೆದು ಭಾವನ ಕೈಗಿಟ್ಟ.

“ನಮ್ಮನೆಗೆ ಬನ್ನಿ ಭಾವ. ಸ್ವಲ್ಪ ಒದ್ದೆ ಇದೆ, ಅಡ್ಜಸ್ಟ್ ಮಾಡ್ಕೊಳ್ಳಿ.”

ಗಂಡ ಅವನ ಮುಖವನ್ನೇ ನೋಡಿದ. ನೋಡುತ್ತಾ ನೋಡುತ್ತಾ ನಗು ತಡೆಯಲಾರದೆ ಗಾಡಿಗೆ ಒರಗಿದ. ತಮ್ಮನೂ ಬಿದ್ದು ಬಿದ್ದು ನಕ್ಕ.

ಟೆಂಟು ಇಳಿಬಿಸಿಲಿಗೆ ಒಣಗಿತು. ಹರಿದ ಕಡೆ ಟೈಲರಮ್ಮ ಕೈಚೀಲದ ಸೂಜಿದಾರದಿಂದ ಹೊಲಿದಳು. ಗಂಡ ಕಲ್ಲೆತ್ತಿ ಗೂಟ ಹೊಡೆದ. ಪಕ್ಕದವರು ಬಿಸಿ ಸಾರಿನ ಪಾತ್ರೆ ಹಿಡಿದು ಬಂದು, ಆಗಿದ್ದೇನು ಎಂದು ಕೇಳಿದ್ದೇ ತಡ, ಭಾವ-ಭಾಮೈದ ಪೈಪೋಟಿಯ ಮೇಲೆ ಹೇಳತೊಡಗಿದರು. ಸೊಂಟದ ಮಟ್ಟದ ನೀರು ಎದೆಗೆ ಬಂತು, ಆಮೇಲೆ ಕುತ್ತಿಗೆಗೆ.

ಟೈಲರಮ್ಮ ತಿದ್ದಲು ಹೋಗಲಿಲ್ಲ. ಸಾರಿನ ಬಟ್ಟಲು ಹಿಡಿದು, ಇಬ್ಬರನ್ನೂ ಅತ್ತಿತ್ತ ತಳ್ಳಿ, ನಡುವೆ ಜಾಗ ಮಾಡಿಕೊಂಡು ಕೂತಳು.