ಹನ್ನೆರಡನೆಯ ಸೀಟು, ಏಳನೆಯ ನಿಯಮ

೧

ಈ ಕಥೆಯನ್ನು ಸಾವಿನಿಂದ ಶುರು ಮಾಡಬೇಕೋ ರಸೀದಿಯಿಂದಲೋ ಎಂದು ನಾಲ್ಕು ದಿನಗಳಿಂದ ಯೋಚಿಸುತ್ತಿದ್ದೇನೆ. ಸಾವಿನಿಂದ ಶುರು ಮಾಡಿದರೆ ನೀವು ನೆಟ್ಟಗೆ ಕೂತು ಓದುತ್ತೀರಿ. ರಸೀದಿಯಿಂದಾದರೆ ಪುಟ ಮಗುಚುತ್ತೀರಿ.

ಮೊದಲ ಡ್ರಾಫ್ಟ್: "ಅಳದಂಗಡಿಯ ಕುಶಾಲಪ್ಪನವರು ಕಾಶಿಗೆ ಹೊರಡಲು ಇಪ್ಪತ್ತಮೂರು ದಿನ ಇರುವಾಗ ತೀರಿಕೊಂಡರು."

(ವಾಕ್ಯದಲ್ಲಿ ತಪ್ಪಿಲ್ಲ. ಆದರೆ ಪೇಪರಿನ ಒಳಪುಟದ ಹಾಗಿದೆ. ಹೊಡೆದು ಹಾಕಿದ್ದೇನೆ. ವಿಷಯವನ್ನು ಮಾತ್ರ ನೆನಪಿಟ್ಟುಕೊಳ್ಳಿ.)

೧, ಮತ್ತೊಮ್ಮೆ

ರಸೀದಿಯಿಂದಲೇ ಆಗಲಿ. ಮೂಡಬಿದಿರೆಯಲ್ಲಿ ನನ್ನ ತಮ್ಮ ಕಮಲಾಕ್ಷನ ಟ್ರಾವೆಲ್ಸ್ ಇದೆ. ವರ್ಷಕ್ಕೆ ಎರಡು ಸಲ ಕಾಶಿಗೆ ಬಸ್ಸು ಬಿಡುತ್ತಾನೆ. ಹದಿನಾಲ್ಕು ದಿನ, ಜೊತೆಗೆ ಅಡುಗೆಯವರು, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ. ಅವನ ರಸೀದಿಯ ಹಿಂಬದಿಯಲ್ಲಿ ಹನ್ನೊಂದು ನಿಯಮಗಳಿವೆ. ಅವನ್ನು ಬರೆದವಳು ನಾನು. ಮನೆಯಲ್ಲಿ ಬಿ.ಎ. ಮಾಡಿದವಳು ನಾನೊಬ್ಬಳೇ ಆಗಿದ್ದೆ, ಅದಕ್ಕೆ ನನಗೆ ಸಿಕ್ಕಿದ ಕೆಲಸ ಅದು. ಇಷ್ಟು ವರ್ಷಗಳಲ್ಲಿ ಅಚ್ಚಾದ ನನ್ನ ಬರಹವೂ ಅದೊಂದೇ.

ಏಳನೆಯ ನಿಯಮ: "ಪ್ರಯಾಣವನ್ನು ರದ್ದುಪಡಿಸಬೇಕಾದರೆ ಪ್ರಯಾಣಿಕರು ಸ್ವತಃ ಸಹಿ ಮಾಡಿದ ಪತ್ರ ಕೊಡತಕ್ಕದ್ದು. ಅವರ ಪರವಾಗಿ ಬೇರೆಯವರು ರದ್ದುಪಡಿಸುವಂತಿಲ್ಲ."

ಇದಕ್ಕೊಂದು ಕಾರಣವಿತ್ತು. ಮೊದಲ ವರ್ಷದ ಯಾತ್ರೆಗೆ ಸುಬ್ಬಪ್ಪ ಎಂಬ ಮುದುಕರು ಚೀಲ ಹಿಡಿದುಕೊಂಡು ಬಂದಿದ್ದರು. ಹಿಂದಿನ ದಿನವೇ ಮಗ ಫೋನು ಮಾಡಿ ಅವರ ಸೀಟು ಕ್ಯಾನ್ಸಲ್ ಮಾಡಿಸಿದ್ದ, ಅವರಿಗೆ ಹೇಳಿರಲಿಲ್ಲ. ಬಸ್ಸು ಹೋಗುವವರೆಗೂ ಅವರು ಬೆಂಚಿನಲ್ಲಿ ಕೂತು ಕೈ ಬೀಸಿದರು. ಮುದುಕರ ಪ್ರಯಾಣ ಮುದುಕರ ಕೈಯಲ್ಲೇ ಇರಲಿ ಎಂದು ನಾನು ಮರುದಿನ ಆ ನಿಯಮ ಬರೆದೆ. ಬರೆದಾಗ ನನಗೆ ತುಂಬ ಒಳ್ಳೆಯವಳಾದ ಹಾಗೆ ಅನಿಸಿತ್ತು.

ಮುದುಕರು ಸಾಯುತ್ತಾರೆ ಎಂಬುದು ಮಾತ್ರ ಹೊಳೆದಿರಲಿಲ್ಲ.

೨

ಈಗ ಕುಶಾಲಪ್ಪನವರ ಹೆಂಡತಿ ರಾಜೀವಿ ಮತ್ತು ಮಗಳು ಚಿತ್ರಾ ಆಫೀಸಿಗೆ ಬರುತ್ತಾರೆ. ನಾನೂ ಅಲ್ಲೇ ಇದ್ದೇನೆ. ಹೊಸ ರಸೀದಿ ಪುಸ್ತಕ ಬಂಟ್ವಾಳದ ಪ್ರೆಸ್ಸಿನಲ್ಲಿ ಅಚ್ಚಾಗಬೇಕು. ನನ್ನ ಮನೆ ಬಂಟ್ವಾಳ ಪೇಟೆಯಲ್ಲೇ ಇರುವುದರಿಂದ ಪ್ರೂಫ್ ತೋರಿಸಲು ತಂದಿದ್ದೆ. (ಕಥೆಗಾಗಿ ನನ್ನನ್ನು ಅಲ್ಲಿ ಕೂರಿಸಿದ್ದಲ್ಲ. ನಿಜವಾಗಿಯೂ ಇದ್ದೆ. ಇಲ್ಲದಿದ್ದರೆ ಆರಾಮವಾಗಿರುತ್ತಿದ್ದೆ.)

ಕಮಲಾಕ್ಷ ಮಾತಿಗೆ ಮೊದಲು ಟೇಬಲ್ ಫ್ಯಾನನ್ನು ರಾಜೀವಿಯ ಕಡೆ ತಿರುಗಿಸಿದ. ಚಿತ್ರಾ ಗೇರುಬೀಜದ ಫ್ಯಾಕ್ಟರಿಯ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಅಪ್ಪನ ಆಸ್ಪತ್ರೆ ಖರ್ಚಿಗೆ ಅವಳ ಸರ ಸೊಸೈಟಿಯಲ್ಲಿ ಅಡವಾಗಿತ್ತು. ಸೀಟಿನ ಇಪ್ಪತ್ತೆರಡು ಸಾವಿರ ವಾಪಸು ಸಿಕ್ಕಿದರೆ ಸರ ಮನೆಗೆ ಬರುತ್ತದೆ. ದೂರು ಹೇಳುವವಳ ಹಾಗಲ್ಲ, ಬಸ್ಸಿನ ಟೈಮ್ ಹೇಳುವವಳ ಹಾಗೆ ಹೇಳಿದಳು.

"ಅವರದ್ದೇ ಸಹಿ ಬೇಕು ಅಂತ ಇದರಲ್ಲಿ ಉಂಟು. ಅಪ್ಪನ ಸಹಿ ಎಲ್ಲಿಂದ ತರುವುದು?"

ಕಮಲಾಕ್ಷ ನನ್ನ ಕಡೆ ನೋಡಿದ. ನಾನು ಫ್ಯಾನಿನ ಕಡೆ ನೋಡಿದೆ.

ಏಳನೆಯದನ್ನು ಬಿಡುವ ಎಂದ ಅವನು. ತೊಡಕಿದ್ದದ್ದು ಎಂಟರಲ್ಲಿ: ತಿಂಗಳೊಳಗೆ ರದ್ದಾದರೆ ಹಣ ಇಲ್ಲ, ಆ ಸೀಟಿಗೆ ಬೇರೆಯವರು ಸಿಕ್ಕಿದರೆ ಪೂರ್ತಿ ವಾಪಸು. ಕಾಶಿಯ ರೂಮುಗಳಿಗೆ ಅಡ್ವಾನ್ಸ್ ಹೋಗಿಯಾಗಿತ್ತು. "ಒಬ್ಬರು ಕಡಿಮೆ ಅಂತ ಬಸ್ಸು ಡೀಸೆಲ್ ಕಡಿಮೆ ಕುಡಿಯುದಿಲ್ಲಮ್ಮ" ಎಂದ. ಬೇರೆಯವರನ್ನು ಹುಡುಕಲು ಚಿತ್ರಾ ಒಪ್ಪಿದಳು.

ಪಕ್ಕದ ಹನ್ನೊಂದನೆಯ ಸೀಟು ರಾಜೀವಿಯದೇ. ಅವರು ಕೇಳಿದರು: "ಅಲ್ಲಿ ಬೇರೆಯವರು ಕೂತರೆ ಇವರು ಎಲ್ಲಿ ಕೂತುಕೊಳ್ಳುವುದು?"

ಆಸ್ಪತ್ರೆಯಲ್ಲಿ ಕುಶಾಲಪ್ಪನವರು ಹೆಂಡತಿಯ ಹತ್ತಿರ ಸ್ಪಷ್ಟವಾಗಿ ಆಡಿದ ಕೊನೆಯ ಮಾತು ಸೀಟಿನದೇ ಅಂತೆ. ಕಮಲಾಕ್ಷಣ್ಣನಿಗೆ ಫೋನು ಮಾಡು, ನನ್ನ ಸೀಟು ಯಾರಿಗೂ ಕೊಡಬಾರದು, ನಾನು ಬರ್ತೇನೆ.

ಚಿತ್ರಾ ತಾಯಿಯ ಕೈ ಹಿಡಿದುಕೊಂಡಳು. "ಅಮ್ಮ, ಬೊಜ್ಜದ ದಿನ ಅಪ್ಪನನ್ನು ಒಳಗೆ ಕರೆದಾಗಿದೆ. ಎಲೆ ಹಾಕಿ ಬಡಿಸಿಯೂ ಆಗಿದೆ. ಅವರೀಗ ಮನೆಯಲ್ಲಿದ್ದಾರೆ. ಬಸ್ಸಿನಲ್ಲಿ ಯಾಕೆ ಇರ್ತಾರೆ?"

ನಮ್ಮ ಕಡೆ ಕ್ರಮ ಹಾಗೆಯೇ. ಸತ್ತವರನ್ನು ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಅಂಗಳದಿಂದ ಹೆಸರು ಹಿಡಿದು ಒಳಗೆ ಕರೆಯುತ್ತೇವೆ. ಆಮೇಲೆ ಅವರು ಮನೆಯವರು, ಹಿರಿಯರ ಸಾಲಿನವರು.

ರಾಜೀವಿ ಹೇಳಿದರು: "ಮನೆಗೆ ನಾವು ಕರೆದದ್ದು ಮಗಾ. ಬಸ್ಸಿಗೆ ಬರ್ತೇನೆ ಅಂತ ಅವರೇ ಹೇಳಿದ್ದು."

(ಇಲ್ಲಿ ಚಿತ್ರಾಳಿಗೆ ಒಂದು ಉತ್ತರ ಬರೆಯಲು ಎರಡು ದಿನ ಪ್ರಯತ್ನಿಸಿದೆ. ಯಾವುದೂ ಸರಿಬರಲಿಲ್ಲ. ಅವತ್ತು ಅವಳು ಬರಿಯ ಕೊರಳನ್ನು ಸೆರಗಿನಿಂದ ಮುಚ್ಚಿಕೊಂಡಳು, ತಾಯಿಗೆ ಮತ್ತೆ ನೆನಪಾಗದಿರಲಿ ಎಂದು.)

೪ (ಮೂರನ್ನು ಹರಿದು ಹಾಕಿದೆ, ಅದರಲ್ಲಿ ನಾನು ಕಾನೂನು ಮಾತಾಡಿದ್ದೆ)

ಪ್ರಯಾಣಿಕರು ಸತ್ತರೆ ಟ್ರಾವೆಲ್ಸಿನವರು ಹಣ ವಾಪಸು ಕೊಡಬೇಕೇ? ನಿಮಗೆ ಗೊತ್ತಿದ್ದರೆ ಹೇಳಿ. ನಾನು ಬೆಳಿಗ್ಗೆ ಕೊಡಬೇಕು ಎಂದು ಬರೆಯುತ್ತೇನೆ, ಸಂಜೆಗೆ ಕಮಲಾಕ್ಷನ ಮುಖ ನೆನಪಾಗುತ್ತದೆ. ವಾಪಸು ಕೊಡುವುದೇ ದಯೆ ಎಂದುಕೊಂಡಿದ್ದೆ. ರಾಜೀವಿಗೆ ಅದು ಗಂಡನನ್ನು ಬಸ್ಸಿನಿಂದ ಕೆಳಗಿಳಿಸಿದ ಹಾಗೆ. ಕೊಡದಿದ್ದರೆ ಮಗಳ ಕೊರಳು ಖಾಲಿ. ಎರಡೂ ಕಡೆ ಇರುವುದು ಒಂದೇ ಸೀಟು, ನಂಬರ್ ಹನ್ನೆರಡು, ಕಿಟಕಿಯ ಪಕ್ಕ.

ಮುಕ್ತಾಯ, ಒಂದನೆಯದು: ಕಮಲಾಕ್ಷ ಹಣ ಕೊಡುತ್ತಾನೆ, ಸೀಟನ್ನೂ ಖಾಲಿ ಬಿಡುತ್ತಾನೆ. ಎಲ್ಲರ ಕಣ್ಣಲ್ಲೂ ನೀರು.

ಇದನ್ನು ಅವನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಅಕ್ಕಾ, ಕಥೆಯಲ್ಲಿ ದಾನ ಮಾಡುವುದಿದ್ದರೆ ನಿನ್ನ ಹಣದಲ್ಲಿ ಮಾಡು ಮಾರಾಯ್ತಿ. ನನ್ನ ಗಿರಾಕಿಗಳ ವಯಸ್ಸು ನೋಡಿದ್ದೀಯಾ? ಕಳೆದ ವರ್ಷ ಮೂವರು ಹೋದರು. ಹೀಗೆ ಬರೆದರೆ ಬಸ್ಸೇ ನಿಲ್ಲಿಸಬೇಕು."

ಅವನ ಮೇಲೆ ಸಿಟ್ಟು ಬರಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ಆ ಸೀಟು ಕೇಳಿ ಫೋನು ಮಾಡಿದ ಮೂವರಿಗೂ ಅದು ಯಾರದಾಗಿತ್ತು, ಏನಾಯಿತು ಎಂದು ಅವನು ತಾನಾಗಿ ಹೇಳಿದ್ದ. ಮೂವರೂ ಬೇಡವೆಂದರು. ಹೇಳದೆ ಮಾರಬಹುದಿತ್ತು. ಹೇಳಿದ.

ಮುಕ್ತಾಯ, ಎರಡನೆಯದು: ತಮ್ಮನ ಮಾತು ಕೇಳಿದೆ. ನನ್ನ ಪೆನ್ಶನ್ನಿನ ಇಪ್ಪತ್ತೆರಡು ಸಾವಿರ ಕೊಟ್ಟು ಹನ್ನೆರಡನೆಯ ಸೀಟನ್ನು ನಾನೇ ತೆಗೆದುಕೊಂಡೆ.

(ಇದು ಕಲ್ಪನೆಯಲ್ಲ. ಕಳೆದ ಸೋಮವಾರ ನಡೆದದ್ದು. ಕಥೆ ಹೇಳುವವಳು ಕಥೆಯೊಳಗೆ ಹೆಜ್ಜೆ ಇಡಬಾರದು ಎನ್ನುವವರಿದ್ದಾರೆ. ನನ್ನ ನಿಯಮದಿಂದ ಸಿಕ್ಕಿಬಿದ್ದವರನ್ನು ಹೊರಗಿನಿಂದ ನೋಡುವುದು ನನಗೆ ಕಷ್ಟವಾಯಿತು.)

ಚಿತ್ರಾಳಿಗೆ ಹಣ ಅದೇ ದಿನ ಹೋಯಿತು. ಬಂಟ್ವಾಳದ ಯಾರೋ ಸೀಟು ತೆಗೆದುಕೊಂಡರು ಎಂದು ಕಮಲಾಕ್ಷ ರಾಜೀವಿಗೆ ತಿಳಿಸಿದ. ಅವರು, ಎಂಥವರು ಎಂದು ಕೇಳಿದರಂತೆ.

"ನೀನು ಏನು ಹೇಳಿದೆ?" ಎಂದೆ.

"ಸಪೂರ ಜನ, ಹೆಚ್ಚು ಜಾಗ ತಕ್ಕೊಳ್ಳುದಿಲ್ಲ ಅಂದೆ."

೫

ನನ್ನ ಉಪಾಯ ಇಷ್ಟು. ಹೆಸರಿಗೆ ಸೀಟು ನನ್ನದು; ಕೂತುಕೊಳ್ಳುವುದು ಮುಂದೆ, ಡ್ರೈವರ್ ಅಣ್ಣು ಇರುವ ಕ್ಯಾಬಿನ್ನಿನ ಬೆಂಚಿನಲ್ಲಿ. ಸರ ಮನೆಗೆ ಬಂತು, ಕುಶಾಲಪ್ಪನವರ ಜಾಗವೂ ಉಳಿಯಿತು. ಅಣ್ಣುವಿಗೆ ಹೇಳಿದೆ. ಅವನು ನನ್ನ ಮೊಣಕಾಲುಗಳನ್ನು ನೋಡಿ, ಹದಿನಾಲ್ಕು ದಿನವಾ ಎಂದು ಕೇಳಿ, ಒಂದು ದಿಂಬು ತರುತ್ತೇನೆ ಎಂದ.

ಮುಕ್ತಾಯ, ಮೂರನೆಯದು: ಮೂಡಬಿದಿರೆಯಿಂದ ಹೊರಟ ಬಸ್ಸಿಗೆ ರಾಜೀವಿ ಗುರುವಾಯನಕೆರೆಯಲ್ಲಿ ಹತ್ತುತ್ತಾರೆ. ಮುಂದೆ ನಮ್ಮ ಪೇಟೆಯ ಹತ್ತಿರದ ಬಿ.ಸಿ. ರೋಡಿನಲ್ಲಿ ನಾನು. ಅವರು ಹನ್ನೊಂದರಲ್ಲಿ ಕೂತಿದ್ದಾರೆ; ಹನ್ನೆರಡರ ಮೇಲೆ ಮಡಚಿದ ಒಂದು ಬೈರಾಸು, ಕುಶಾಲಪ್ಪನವರ ಹೆಗಲಿನ ಟವೆಲು. ನಾನು ಕ್ಯಾಬಿನ್ನಿನಲ್ಲಿ ಕೂರುತ್ತೇನೆ. ಮುಂದಿನ ಊರು ಮಾಣಿಯನ್ನು ದಾಟುವಾಗ ಅವರು ಎದ್ದು ಬಂದು ಹೇಳುತ್ತಾರೆ: ಬನ್ನಿ ಅಕ್ಕ, ಮುದುಕರನ್ನು ಮುದುಡಿಸಿ ತಾವು ಆರಾಮ ಕೂರುವ ಜನ ಅಲ್ಲ ನಮ್ಮವರು. ಬೈರಾಸನ್ನು ಮಡಿಲಿಗೆ ತೆಗೆದುಕೊಂಡು ಜಾಗ ಮಾಡುತ್ತಾರೆ.

ಬರೆದು ಕಣ್ಣೊರೆಸಿಕೊಂಡೆ. ಹಾಗಾಗಿ ಅನುಮಾನ ಬಂತು. ನಾನು ಕಣ್ಣೀರು ಹಾಕಿದ ಕಡೆಯೆಲ್ಲ ನನಗೆ ಲಾಭವಿರುತ್ತದೆ. ಇಲ್ಲಿ ನನ್ನ ಕಾಲಿಗೆ ಜಾಗ ಸಿಕ್ಕಿತು, ನಿಯಮಕ್ಕೆ ಕ್ಷಮೆಯೂ ಸಿಕ್ಕಿತು.

ಕಾಗದದ ರಾಜೀವಿಯೂ ಒಪ್ಪಲಿಲ್ಲ. "ಅಷ್ಟು ಬೇಗ ನಾನು ಕರೆಯುವವಳಲ್ಲ" ಎಂದರು.

"ಮತ್ತೆ ಯಾವಾಗ ಕರೆಯುತ್ತೀರಿ?"

"ಹೈದರಾಬಾದ್ ದಾಟಲಿ. ನೋಡುವ."

"ಅಲ್ಲಿಯವರೆಗೆ ನನ್ನ ಮೊಣಕಾಲು?"

"ನೀವೇ ಬರೆಯುವವರಲ್ಲವಾ. ನೋವು ಇಲ್ಲ ಅಂತ ಬರೆಯಿರಿ."

(ನಾಲ್ಕನೆಯ ಮುಕ್ತಾಯವೂ ಒಂದಿದೆ. ಗುರುವಾಯನಕೆರೆಯಲ್ಲಿ ಬಸ್ಸು ನಿಲ್ಲುತ್ತದೆ, ಅಣ್ಣು ಎರಡು ಸಲ ಹಾರ್ನ್ ಹಾಕುತ್ತಾನೆ, ಯಾರೂ ಹತ್ತುವುದಿಲ್ಲ. ಯಾರೋ ಕೂತ ಸೀಟಿನ ಪಕ್ಕ ಹದಿನಾಲ್ಕು ದಿನ ಕೂರುವುದಕ್ಕಿಂತ ಮನೆಯೇ ಸಾಕು ಎಂದು ಅವರಿಗೆ ಅನಿಸಿರಬಹುದು. ಆ ಯಾರೋ ನಾನು. ಇದನ್ನು ಪೂರ್ತಿ ಬರೆಯುವ ಧೈರ್ಯವಾಗಲಿಲ್ಲ.)

೭ (ಆರು ಬೇಕೆಂದು ಅನಿಸಲಿಲ್ಲ)

ನಿಮಗೆ ಒಂದು ವಿಷಯ ಹೇಳಿರಲಿಲ್ಲ. ಬಸ್ಸು ಇನ್ನೂ ಹೊರಟಿಲ್ಲ. ನಾಳೆ ಬೆಳಿಗ್ಗೆ.

ಪ್ರೆಸ್ಸಿನವರು ಪ್ರೂಫಿಗೆ ಕಾಯುತ್ತಿದ್ದಾರೆ. ಏಳನೆಯ ನಿಯಮವನ್ನು ತಿದ್ದಲು ಕೂತೆ. "ಪ್ರಯಾಣಿಕರು ತೀರಿಕೊಂಡಲ್ಲಿ ಮನೆಯವರು ರದ್ದುಪಡಿಸಬಹುದು" ಎಂದು ಸೇರಿಸಿದೆ. ಆಮೇಲೆ ರಾಜೀವಿಯ ಪ್ರಶ್ನೆ ನೆನಪಾಗಿ ಅಳಿಸಿದೆ. ಚಿತ್ರಾಳ ಕೊರಳು ನೆನಪಾಗಿ ಮತ್ತೆ ಬರೆದೆ. ಕಾಗದ ಅಲ್ಲಿ ತೆಳ್ಳಗಾಗಿದೆ.

ಈಗಷ್ಟೇ ಕಮಲಾಕ್ಷ ಫೋನು ಮಾಡಿದ್ದ. ಸೀಟ್ ಚಾರ್ಟು ಬರೆಯುತ್ತಿದ್ದಾನೆ. ಹನ್ನೆರಡರಲ್ಲಿ ಕುಶಾಲಪ್ಪ ಎಂದು ಶಾಯಿಯಲ್ಲಿ ಇದೆ. ಹೊಡೆದು ನನ್ನ ಹೆಸರು ಹಾಕಲೇ ಎಂದು ಕೇಳಿದ.

"ಅವರ ಸಹಿ ಇಲ್ಲದೆ ಹೊಡೆಯುವ ಹಾಗಿಲ್ಲ" ಎಂದೆ. "ಏಳನೆಯದು ಓದಿ ನೋಡು."

ಅವನು ಪೆನ್ನು ಕೆಳಗಿಟ್ಟ ಸದ್ದು ಕೇಳಿತು. ಮತ್ತೆ ಮೆಲ್ಲಗೆ ಕೇಳಿದ: "ಹಾಗಾದರೆ ನಿನ್ನದು?"

"ಕೆಳಗೆ ಪೆನ್ಸಿಲಿನಲ್ಲಿ ಬರೆ."

ಚೀಲಕ್ಕೆ ಮೊಣಕಾಲಿನ ಎಣ್ಣೆ ಹಾಕಿದ್ದೇನೆ. ಬಸ್ಸು ಬಿ.ಸಿ. ರೋಡಿಗೆ ಏಳೂವರೆಗೆ ಬರುತ್ತದೆ. ಗುರುವಾಯನಕೆರೆಯಲ್ಲಿ ಯಾರು ಹತ್ತಿದರು, ಯಾರು ಹತ್ತಲಿಲ್ಲ ಎಂಬುದು ಬಾಗಿಲು ತೆರೆದ ಮೇಲೆ ಗೊತ್ತಾಗಬೇಕು. ಸದ್ಯಕ್ಕೆ ಒಂದು ಸೀಟಿಗೆ ನಾವು ಇಬ್ಬರು ಬರುವವರಿದ್ದೇವೆ.