ಕೈ ಹಚ್ಚಿದರೆ ಮಾತ್ರ

“ಹಾತ್ ಲಾವಲಾ ಕಾ?”

ಪೊಲೀಸ್ ಚೌಕಿಯ ಹವಾಲ್ದಾರ ಮೂರನೇ ಸಲ ಕೇಳಿದ. ಕೈ ಹಚ್ಚಿದನಾ? ಅಕ್ಕ ಮೂರನೇ ಸಲ ಇಲ್ಲ ಎಂದಳು. ಅವನು ಪೆನ್ನಿನ ಮುಚ್ಚಳ ಹಾಕಿಬಿಟ್ಟ. ಅವನ ಮಾತೆಲ್ಲ ಮರಾಠಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

“ಮತ್ತೇನು ಮಾಡಿದ?”

“ಮಾತಾಡಿದ್ರಿ.”

“ಬೈದನೇನು?”

“ಇಲ್ಲರಿ. ಕೈ ಮುಗಿದು ಮಾತಾಡಿದ.”

ಹವಾಲ್ದಾರ ನಕ್ಕ. ನನಗೆ ಆ ಮೇಜನ್ನೇ ಎತ್ತಿ ಹಾಕಬೇಕೆನಿಸಿತು. ಅಕ್ಕ ನನ್ನ ಮೊಣಕಾಲ ಮೇಲೆ ಕೈಯಿಟ್ಟು ಒತ್ತಿದಳು. ಚಿಕ್ಕಂದಿನಿಂದ ಅವಳಿಗೆ ಅದೇ ಕೆಲಸ.

ಕೈ ಮುಗಿದು ನಮ್ಮ ವಾರ್ಡಿನ ಪುಢಾರಿ ಬಂಡೂ ಶೇಠ ಹೇಳಿದ್ದು ಇದು: “ತಾಯೀ, ನೀವು ಬೆಳಗಿನ ಐದೂವರೆಗೆ ನಳದ ಹತ್ತಿರ ಬರ್ತೀರಂತ. ಆ ಗಲ್ಲಿಯಾಗ ದೀಪ ಇಲ್ಲ, ಗಟಾರಕ್ಕ ಮುಚ್ಚಳ ಇಲ್ಲ. ಕಾಲು ಜಾರಿದ್ರ ಯಾರು ಎತ್ತಬೇಕು? ನಿಮ್ಮ ಅಂಗನವಾಡಿ ಕೂಸುಗಳು ಪಾಪ, ದಾರಿ ನೋಡ್ತಾವ.”

ಇದು ಮಾತಂತೆ. ಬೆದರಿಕೆಯಲ್ಲವಂತೆ.

ನನ್ನ ಅಕ್ಕ ಶೈಲಶ್ರೀ ಬಿಬವೇವಾಡಿಯಲ್ಲಿ ಅಂಗನವಾಡಿ ಸೇವಿಕೆ. ಮತದಾರರ ಪಟ್ಟಿ ತಿದ್ದುವ ಕೆಲಸ ಬಂದಾಗ ಸರಕಾರ ಅವಳ ಕೈಗೆ ಒಂದು ಚೀಲ, ಒಂದು ಕೊರಳ ಕಾರ್ಡು ಕೊಟ್ಟು ಬಿಎಲ್ಓ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಮಾಡಿತು. ಮನೆಮನೆಗೆ ಹೋಗಿ ಯಾರು ಇದ್ದಾರೆ, ಯಾರು ಹೋದರು ಎಂದು ಬರೆಯಬೇಕು. ಹದಿನೈದು ದಿನದ ಹಿಂದೆ ಬಂಡೂ ಶೇಠನ ಹುಡುಗರು ಏಳನೇ ನಂಬರಿನ ಫಾರ್ಮ್ ನಲವತ್ತೊಂದು ತಂದು ಕೊಟ್ಟರು. ಅದು ಹೆಸರು ತೆಗೆಯಿರಿ ಎನ್ನುವ ಫಾರ್ಮ್. ನಲವತ್ತೊಂದೂ ಒಂದೇ ಗಲ್ಲಿಯವು. ‘ಮನೆಗೆ ಬೀಗ, ಊರು ಬಿಟ್ಟು ಹೋಗಿದ್ದಾರೆ.’ ಎಲ್ಲದರ ಮೇಲೂ ಅದೇ ಕೈಬರಹ.

ಬೀಗ ಇರುತ್ತದೆ. ಇಲ್ಲದೆ ಏನು? ಆ ಗಲ್ಲಿಯವರೆಲ್ಲ ಯಾದಗಿರಿ, ಕಲಬುರ್ಗಿ ಕಡೆಯಿಂದ ಬಂದು ಹದಿನೈದು ವರ್ಷವಾಯಿತು. ಗಂಡಸರು ಹೆಂಗಸರು ಎಲ್ಲ ಮಗರಪಟ್ಟಾ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಹಗಲು ಹನ್ನೊಂದಕ್ಕೆ ಹೋಗಿ ಬಾಗಿಲು ಬಡಿದರೆ ನಾಯಿ ಬಿಟ್ಟು ಯಾರೂ ಸಿಗುವುದಿಲ್ಲ. ಬಂಡೂ ಶೇಠನಿಗೂ ಇದು ಗೊತ್ತು. ಆ ಗಲ್ಲಿಯ ಓಟು ತನ್ನ ಕಡೆ ಬೀಳುವುದಿಲ್ಲ ಎಂಬುದೂ ಗೊತ್ತು.

ಅಕ್ಕ ಹಗಲು ಹೋಗಲಿಲ್ಲ. ನೀರು ಬರುವ ಹೊತ್ತಿಗೆ ಹೋದಳು. ಬೆಳಗಿನ ಐದೂವರೆಗೆ ನಳ ಬರುತ್ತದೆ, ಆರೂಕಾಲಿಗೆ ಹೋಗುತ್ತದೆ. ಆ ಮುಕ್ಕಾಲು ತಾಸಿನಲ್ಲಿ ಗಲ್ಲಿಯ ಪ್ರತಿ ಮನೆಯಿಂದ ಒಬ್ಬರಾದರೂ ಕೊಡ ಹಿಡಿದು ಸಾಲಿನಲ್ಲಿ ನಿಲ್ಲಲೇಬೇಕು. ಅಕ್ಕ ಸಾಲಿನ ಪಕ್ಕ ನಿಂತು ಹೆಸರು ಕರೆದಳು. ಶಾಲೆಯ ಹಾಜರಿಯ ಹಾಗೆ. ಅವ್ವಮ್ಮ ಎಂಬ ಮುದುಕಿಯ ಫಾರ್ಮಿನ ಮೇಲೆ ಮಾತ್ರ ‘ಮೃತ’ ಎಂದಿತ್ತು. ಮುದುಕಿ ತುಂಬಿದ ಕೊಡ ಕೆಳಗಿಟ್ಟು, “ನಾ ಸತ್ತೀನೇನ? ಯವ್ವಾ, ಹಂಗಾದ್ರ ಈ ಕೊಡ ಮನಿತನಕ ನೀನ ಹೊರು, ಹೆಣ ಹೆಂಗ ಹೊರ್ತದ?” ಎಂದಳು. ಇಡೀ ಸಾಲು ನಕ್ಕಿತು.

ನಾಲ್ಕು ಬೆಳಗಿನಲ್ಲಿ ನಲವತ್ತೊಂದೂ ಜನ ಸಿಕ್ಕರು. ಐದನೇ ಬೆಳಿಗ್ಗೆ ಬಂಡೂ ಶೇಠ ಸಿಕ್ಕ.

ಹವಾಲ್ದಾರ ಕೊನೆಗೆ ಬರೆದುಕೊಂಡ. ಏನು ಬರೆದುಕೊಂಡ? ಎನ್‌ಸಿ. ಹಾಗೆಂದರೆ ಫಿರ್ಯಾದು ಬರೆದು ಇಟ್ಟುಕೊಳ್ಳುತ್ತಾರೆ, ಕೋರ್ಟು ಹೇಳದೆ ಯಾರೂ ಎದ್ದು ಹೋಗಿ ವಿಚಾರಿಸುವುದಿಲ್ಲ. ಅಕ್ಕ ಚೀಲದಿಂದ ತರಬೇತಿಯ ಪುಸ್ತಕ ತೆಗೆದು ತೋರಿಸಿದಳು. ಚುನಾವಣೆಯ ಕೆಲಸ ಮುಗಿಯುವವರೆಗೆ ಬಿಎಲ್ಓ ಎಂದರೆ ಆಯೋಗದ ನೌಕರ, ಕೆಲಸ ತಡೆಯಲು ಅವರ ಮೇಲೆ ಬಲ ತೋರಿಸಿದರೆ ಕಲಂ ಒಂದು ನೂರ ಮೂವತ್ತೆರಡು, ಎರಡು ವರ್ಷದವರೆಗೆ ಜೈಲು.

“ಬಲ ತೋರಿಸಿದರೆ,” ಎಂದ ಹವಾಲ್ದಾರ, ಆ ಸಾಲಿನ ಮೇಲೆ ಉಗುರಿಟ್ಟು. “ಕೈ ಹಚ್ಚಲಿ, ಆಮೇಲೆ ಬಾ ತಾಯೀ. ಆಗ ನೋಡು, ಅರ್ಧ ತಾಸಿನಾಗ ಎತ್ತಿ ತರ್ತೀವಿ.”

ಮೊದಲು ಕಾಲು ಮುರಿಸಿಕೊಂಡು ಬಾ, ಆಮೇಲೆ ಕಾಯ್ದೆ ಎದ್ದು ಕೂತುಕೊಳ್ಳುತ್ತದೆ. ನಾನು ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ಮಾರ್ಕೆಟ್ ಯಾರ್ಡಿನಲ್ಲಿ ಟೆಂಪೋ ಹೊಡೆಯುವವನು. ನನಗೂ ತಿಳಿಯುತ್ತದೆ ಇದು ಎಂಥ ಮಾತೆಂದು.

ಮನೆಗೆ ಬಂದರೆ ಅವ್ವನದು ಬೇರೆ ರಾಗ. “ಪೊಲೀಸ್ರ ಕಡೆ ಯಾಕ ಹೋದ್ರಿ? ಶಿವರುದ್ರಪ್ಪ ಕಾಕಾ ಇಲ್ಲೇನು? ನಮ್ಮವರು.”

ಶಿವರುದ್ರಪ್ಪ ಕಾಕಾ ವಿಜಯಪುರದ ಕಡೆಯವರು, ಇಲ್ಲಿ ಸರಕಾರಿ ಗುಮಾಸ್ತ. ಈ ಭಾಗದ ಬಿಎಲ್ಓಗಳ ಮೇಲೆ ಅವರೇ ಸುಪರ್‌ವೈಜರ್. ಬಸವ ಜಯಂತಿಯ ದಿನ ಪಂಗತಿಯಲ್ಲಿ ನಿಂತು ಎಲ್ಲರಿಗೂ ಕೈಯಾರೆ ಬಡಿಸುವವರು. ಅಪ್ಪ ಸತ್ತಾಗ ಮುಂದೆ ನಿಂತು ಎಲ್ಲ ಮಾಡಿದವರು. ಅವ್ವ ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಟ್ಟಿ ಕೊಟ್ಟಳು. ನಮ್ಮವರ ಹತ್ತಿರ ಬರಿಗೈಯಲ್ಲಿ ಹೋಗಬಾರದು.

ಮಧ್ಯಾಹ್ನ ಇಬ್ಬರೂ ಹೋದೆವು. ಮುಚ್ಚಿದ ಶಾಲೆಯೊಂದರ ಕೋಣೆಯಲ್ಲಿ ಅವರ ಮೇಜು.

“ಬಾರವ್ವಾ ಶೈಲಾ. ಏನೋ ಶಿವ್ಯಾ, ಟೆಂಪೋ ಹೆಂಗ ನಡದದ?” ಎಂದು ಡಬ್ಬಿ ತೆಗೆದು ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡರು. “ಪಾರವ್ವನ ಕೈ ಅಂದ್ರ ಕೈ.” ಅಕ್ಕ ನಡೆದದ್ದನ್ನೆಲ್ಲ ಹೇಳಿದಳು. ಅವರು ತಿನ್ನುತ್ತಲೇ ಕೇಳಿದರು.

“ನಲವತ್ತೊಂದು ಸಹಿ. ಹತ್ತು ನಿಮಿಷದ ಕೆಲಸ. ಮಾಡಿಬಿಡವ್ವಾ.”

“ಅವರು ಅಲ್ಲೇ ಅದಾರ್ರಿ ಕಾಕಾ. ನಾನ ನೋಡೀನಿ.”

“ಇಲ್ಲ ಅಂತೀನೇನು? ಈಗ ಹೆಸರು ಹೋದ್ರ ಆರನೇ ಫಾರ್ಮ್ ತುಂಬ್ತಾರ, ಮತ್ತ ಬರ್ತದ. ನಿನ್ನ ಕಾಲು ಹೋದ್ರ ಮತ್ತ ಬರ್ತದೇನು?”

“ಬಂಡೂ ಶೇಠ ನಿಮಗೂ ಕೈ ಮುಗದಾನೇನ್ರಿ?” ಎಂದೆ ನಾನು.

“ನೀ ಸುಮ್ಮಕಿರೋ. ಇದು ನಾಕ ಅಕ್ಷರ ಬಲ್ಲವರ ಮಾತು.”

ಅಕ್ಕ ನನ್ನ ಮೊಣಕಾಲು ಒತ್ತಿದಳು. “ಕಾಕಾ, ಪುಸ್ತಕದಾಗ ಬರದದ್ರಿ. ಹೆದರಿಸಿದ್ರ ಮ್ಯಾಲಿನವರಿಗೆ ತಿಳಸ್ರಿ, ಅವರೇ ಫಿರ್ಯಾದು ಕೊಡ್ತಾರ ಅಂತ. ಮ್ಯಾಲಿನವರು ಅಂದ್ರ ನೀವ ಅಲ್ರಿ?”

ಕಾಕಾ ಕೈ ಒರೆಸಿಕೊಂಡರು. “ನನ್ನ ನೌಕರಿ ಇನ್ನ ಎರಡು ವರ್ಷ ಅದ. ಅದನ್ನ ನೆಟ್ಟಗ ಮುಗಸ್ಲಿಕ್ಕೆ ಬಿಡು. ಮತ್ತ ಕೇಳು, ಈ ಫಾರ್ಮಿಗೆ ನಾಳೆ ಸಂಜೀ ಐದಕ್ಕ ಗಡುವು. ನೀ ಸಹಿ ಮಾಡಲಿಲ್ಲಂದ್ರ ಕೆಲಸದಾಗ ತಪ್ಪು ಮಾಡಿದಿ ಅಂತ ನಾನ ನಿನಗ ನೋಟೀಸ್ ಕೊಡಬೇಕಾಗ್ತದ. ಆ ಕಾಯ್ದೆನೂ ಅದೇ ಪುಸ್ತಕದಾಗ ಅದ. ಹಿಂದಿನ ಪುಟ ತಗದು ನೋಡು.”

ಅಕ್ಕನ ಕೈ ನನ್ನ ಮೊಣಕಾಲಿನಿಂದ ಜಾರಿತು. ಹಿಂದಿನ ಪುಟ ತೆಗೆಯಲು ಹೋಗಿದ್ದಳು, ಮರುಳಿ. ಅಷ್ಟು ಸಾಕಾಯಿತು. ನಾನು ಎದ್ದು ಮೇಜಿನ ಈಚೆಯಿಂದಲೇ ಕಾಕಾನ ಕಾಲರ್ ಹಿಡಿದು ಎಳೆದೆ. ಹೊಡೆಯಲಿಲ್ಲ. ಅಂಗಿಯ ಗುಂಡಿಯೊಂದು ಕಿತ್ತು ಡಬ್ಬಿಯ ಮುಚ್ಚಳದ ಮೇಲೆ ಬಿದ್ದು ಟಣ್ ಎಂದಿತು.

ಅವರು ಕೂಗಲಿಲ್ಲ. ನನ್ನ ಕೈ ತಾನೇ ಬಿಡುವವರೆಗೆ ಕಾದರು. ಆಮೇಲೆ ಗುಂಡಿ ಆರಿಸಿ ಕಿಸೆಗೆ ಹಾಕಿಕೊಂಡು, “ಕೈ ಹಚ್ಚಿದಿ,” ಎಂದರು.

ಅಕ್ಕ ಕಣ್ಣು ಮುಚ್ಚಿಕೊಂಡಳು.

“ನಾನೂ ಚುನಾವಣಾ ಕೆಲಸದ ಮ್ಯಾಲೆ ಇದ್ದೀನಿ, ತಮ್ಮಾ. ನಿಮ್ಮಕ್ಕನ ಪುಸ್ತಕದಾಗ ಅದಲ್ಲ, ಒಂದು ನೂರ ಮೂವತ್ತೆರಡು? ಜಾಮೀನು ಸುಮ್ಮನ ಸಿಗೂದಿಲ್ಲ ಅದಕ್ಕ. ನಾಳೆ ಐದರತನಕ ಈ ಗುಂಡಿ ಹಚ್ಚಸೂದಿಲ್ಲ. ಸಹಿ ಬಂತಂದ್ರ ಹಚ್ಚಿಸ್ತೀನಿ, ಮರ್ತಬಿಡ್ತೀನಿ. ನೀವು ನಮ್ಮವರು.”

ಟೆಂಪೋ ಸ್ವಾರಗೇಟ ದಾಟಿತು. ಸಿಗ್ನಲ್ಲಿಗೆ ನಿಂತಾಗ ಅಕ್ಕ, “ಒಂದ ನಿಮಿಷ ಕೈ ಕಟ್ಟಿಕೊಂಡು ಕುಂಡ್ರಾಕ ಆಗಲಿಲ್ಲಲ್ಲೋ ನಿನಗ,” ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಅವ್ವ ಕೇಳಿದ್ದು ಒಂದೇ: “ಡಬ್ಬಿ ಎಲ್ಲಿ ಅದ?”

ಮರುದಿನ ಈರುಳ್ಳಿ ಹೇರಿ ಎರಡು ಖೇಪು ಹೊಡೆದು ಮುಗಿಸಿ ಮೂರಕ್ಕೆ ಮನೆಗೆ ಬಂದೆ. ಅಕ್ಕ ಟ್ರಂಕಿನ ಮೇಲೆ ಫಾರ್ಮುಗಳನ್ನು ಹರವಿಕೊಂಡು ಕೂತಿದ್ದಳು. ಮೇಲಿನದು ಅವ್ವಮ್ಮನದು. ಅದರ ಕೆಳಗೆ ಅಕ್ಕನ ದುಂಡನೆಯ ಅಕ್ಷರ: ‘ಪರಿಶೀಲಿಸಿದೆ. ಮೃತ.’ ಸಹಿಯ ಜಾಗ ಇನ್ನೂ ಖಾಲಿ. ಪೆನ್ನು ಅದರ ಮೇಲೆ ನಿಂತಿತ್ತು.

“ಏನು ಮಾಡಾಕತ್ತಿ?”

“ನೀ ಜೇಲಿಗೆ ಹೋದ್ರ ಅವ್ವಗ ನಾ ಏನ ಹೇಳ್ಲಿ?”

“ಈ ಮುದುಕಿಗೆ ಏನ ಹೇಳ್ತಿ? ನಾಳೆ ಬೆಳಿಗ್ಗೆ ಕೊಡ ಹಿಡಕೊಂಡು ನಿಂತಿರ್ತಾಳ.”

“ಹಂಗಂತ ನಿನ್ನೆ ಯಾರು ಕಾಲರ್ ಹಿಡಿ ಅಂದಿದ್ರು ನಿನಗ?” ಈಗ ಬೈದಳು. ಕೂಗಿ ಬೈದಳು. ಪಕ್ಕದ ಮನೆಯ ಟಿವಿ ಸುಮ್ಮನಾಯಿತು. “ನಾ ನಾಕ ಮುಂಜಾನೆ ನಿಂತು ಮಾಡಿದ್ದನ್ನ ನೀ ನಾಕ ಸೆಕೆಂಡಿನಾಗ ಅವರ ಕೈಗೆ ಕೊಟ್ಟಿ!”

ನಿಜ. ಬಂಡೂ ಶೇಠ ಕೈ ಮುಗಿದು ಸಾಧಿಸಲಾಗದ್ದನ್ನು ನಾನು ಕೈ ಎತ್ತಿ ಸಾಧಿಸಿ ಕೊಟ್ಟಿದ್ದೆ. ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಆ ಹತ್ತಡಿಯ ಕೋಣೆಯಲ್ಲಿ ಆಚೆ ಈಚೆ ತಿರುಗಿದೆ. ಆಮೇಲೆ, “ಐದರತನಕ ಸಹಿ ಮಾಡಬ್ಯಾಡ. ನನ್ನಾಣೆ,” ಎಂದು ಹೊರಬಿದ್ದೆ.

ಚೌಕಿಯಲ್ಲಿ ಅದೇ ಹವಾಲ್ದಾರ.

“ಮತ್ತೆ ಬಂದೆಯಾ? ಕೈ ಹಚ್ಚಿದನೇನು ಈಗ?”

“ಅವನಲ್ಲ. ನಾನು ಹಚ್ಚಿದೆ. ಚುನಾವಣೆಯ ಅಧಿಕಾರಿಯ ಕಾಲರ್ ಹಿಡಿದೆ, ಅವರ ಮೇಜಿನ ಮುಂದೆ. ಗುಂಡಿ ಕಿತ್ತುಬಂತು. ಒಂದು ನೂರ ಮೂವತ್ತೆರಡು ಬರೆದುಕೊಳ್ರಿ.”

ಅವನು ಚಹಾದ ಗ್ಲಾಸು ಕೆಳಗಿಟ್ಟ. “ಕುಡಿದಿದ್ದೀಯಾ?”

“ಬರೀರಿ. ಅರ್ಧ ತಾಸಿನಾಗ ಎತ್ತಿ ತರ್ತೀವಿ ಅಂದಿದ್ರಲ್ಲ, ಆ ತ್ರಾಸನ್ನೂ ಉಳಿಸೀನಿ. ಯಾಕ ಹಿಡಿದೆ ಅನ್ನೂದನ್ನೂ ಬರೀರಿ. ಬಂಡೂ ಶೇಠನ ಫಾರ್ಮ್ ನಲವತ್ತೊಂದು, ಬದುಕಿದವರನ್ನ ಸತ್ತಾರ ಅಂತ ಬರಿ ಅಂದ್ರು, ಅದಕ್ಕ ಹಿಡಿದೆ. ನಮ್ಮಕ್ಕನ ಎನ್‌ಸಿ ನೀವು ಓದೂದಿಲ್ಲ. ನನ್ನ ಕೇಸು ಓದಬೇಕಾಗ್ತದ. ಕೋರ್ಟಿನಾಗ ಕೇಳ್ತಾರ, ಯಾಕ ಹಿಡಿದಿ ಅಂತ.”

“ಫಿರ್ಯಾದಿ ಎಲ್ಲಿದ್ದಾನೆ? ತನ್ನ ಮೇಲೆ ತಾನೇ ಕೇಸು ಹಾಕಿಕೊಳ್ಳೋದಕ್ಕೆ ಇದೇನು ರೇಶನ್ ಅಂಗಡಿಯಾ?”

“ಫೋನ್ ಹಚ್ಚಿ ಕರೀರಿ.” ನಂಬರು ಹೇಳಿದೆ.

ನನ್ನನ್ನು ಓಡಿಸಲಿಕ್ಕೇ ಇರಬೇಕು, ಅವನು ಹಚ್ಚಿದ. ಸ್ಪೀಕರಿಗೆ ಹಾಕಿದ. ನಿಮ್ಮ ಕಾಲರ್ ಹಿಡಿದೆ ಅಂತ ಒಬ್ಬ ಹುಡುಗ ಬಂದಿದ್ದಾನೆ ಸಾಹೇಬ, ಯಾಕೆ ಹಿಡಿದ ಎನ್ನುವುದನ್ನೂ ಬರೆಯಿರಿ ಎನ್ನುತ್ತಾನೆ, ಬಂಡೂ ಶೇಠನ ಹೆಸರು ಹೇಳುತ್ತಾನೆ, ಬಂದು ಫಿರ್ಯಾದು ಕೊಡುತ್ತೀರಾ ಎಂದ.

ಆಚೆ ಕಡೆ ಕುರ್ಚಿ ಸರಿದ ಸದ್ದು, ಬಾಗಿಲು ಮುಚ್ಚಿದ ಸದ್ದು.

“ನಾಹೀ ಓ ಸಾಹೇಬ,” ಎಂದರು ಕಾಕಾ, ಜೇನಿನಂಥ ಮರಾಠಿಯಲ್ಲಿ. “ಅಂಥದ್ದೇನೂ ಆಗಿಲ್ಲ. ಯಾರು ಹೇಳಿದರು? ಹುಡುಗ ನಮ್ಮವನೇ. ಸ್ವಲ್ಪ ತಲೆ ಗರಮ್.”

“ಕೈ ಹಚ್ಚಲಿಲ್ಲವೇನು?” ಹವಾಲ್ದಾರ ಕೇಳಿದ.

“ಛೇ ಛೇ. ಇಲ್ಲ.”

ಹವಾಲ್ದಾರ ಫೋನ್ ಇಟ್ಟು ನನ್ನನ್ನೇ ನೋಡಿದ. ಈ ಸಲ ನಗಲಿಲ್ಲ. ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತು. ನಾನು ಅಲ್ಲಿಂದಲೇ ಅಕ್ಕನಿಗೆ ಫೋನ್ ಹಚ್ಚಿದೆ.

“ಅಕ್ಕಾ, ಏನೂ ಆಗಿಲ್ಲಂತ. ಹವಾಲ್ದಾರರ ಮುಂದ ಹೇಳ್ಯಾರ ಕಾಕಾ. ನೀನೂ ಕೇಳು ಬೇಕಾದ್ರ ಇವರನ್ನ.”

ಅಕ್ಕನ ಕಡೆ ಕಾಗದ ಸರಿಯುವ ಸದ್ದು. “ಅವ್ವಮ್ಮನ ಫಾರ್ಮ್ ಹಾಳಾತೋ. ‘ಮೃತ’ ಅಂತ ಬರದಬಿಟ್ಟೀನಲ್ಲ.”

“ಅಡ್ಡ ಗೆರಿ ಎಳಿ.”

“ಎಳದೆ. ಖುದ್ದು ನೋಡೀನಿ, ಬದುಕ್ಯಾಳ ಅಂತ ಬರದು ಸಹಿ ಮಾಡೀನಿ.” ಉಳಿದ ಫಾರ್ಮುಗಳನ್ನೂ ಒಂದೊಂದಾಗಿ ಬರೆಯುತ್ತ, ಫೋನಿನ ಆ್ಯಪಿನಲ್ಲೂ ಹಾಕುತ್ತ ಹೋಗಬೇಕೆಂದು ಫೋನ್ ಇಟ್ಟಳು. ಐದಕ್ಕೆ ಎಂಟು ನಿಮಿಷವಿದ್ದಾಗ ನಲವತ್ತೊಂದನೆಯದು ಹೋಯಿತು. ನಲವತ್ತೊಂದೂ ಜನ ಇದ್ದಲ್ಲೇ ಇದ್ದಾರೆ.

ಗೆದ್ದೆವು ಎನ್ನಲಿಕ್ಕೆ ನಾಲಿಗೆ ಏಳುವುದಿಲ್ಲ. ಅಕ್ಕನ ಪಾಲಿಗೆ ಇನ್ನೂ ಎರಡು ಗಲ್ಲಿ ಬಾಕಿ ಇವೆ, ಅವರೂ ಅದೇ ನಳದ ಸಾಲಿಗೇ ಬರುವವರು. ಬಂಡೂ ಶೇಠನ ಮೇಲೆ ಇಂದಿಗೂ ಇರುವುದು ಆ ಎನ್‌ಸಿ ಚೀಟಿಯೊಂದೇ. ಕಾಕಾನಿಂದ ಡಬ್ಬಿಯೂ ಬಂದಿಲ್ಲ.

ಮರುದಿನ ಐದೂಕಾಲಿಗೇ ಟೆಂಪೋ ತಂದು ಗಲ್ಲಿಯ ಬಾಯಿಗೆ ನಿಲ್ಲಿಸಿ ಎರಡೂ ದೀಪ ಒಳಕ್ಕೆ ಬಿಟ್ಟೆ. ಮುಚ್ಚಳವಿಲ್ಲದ ಗಟಾರ, ನಳ, ಕೊಡಗಳ ಸಾಲು, ಕೊರಳ ಕಾರ್ಡಿನ ಅಕ್ಕ, ಎಲ್ಲ ಕಂಡವು.

“ಏ ಶಿವ್ಯಾ, ದೀಪ ಕೆಳಗ ಮಾಡೋ,” ಎಂದಳು ಅವ್ವಮ್ಮ, ಕಣ್ಣಿಗೆ ಕೈ ಅಡ್ಡ ಹಿಡಿದು. “ಸತ್ತವರನ್ನ ಎಬ್ಬಸ್ತಿಯೇನು?”

ಬಂಡೂ ಶೇಠನ ಬುಲೆಟ್ ನನ್ನ ಪಕ್ಕಕ್ಕೆ ಬಂದು ನಿಂತಿತು. ಇಂಜಿನ್ ಬಂದ್ ಮಾಡಲಿಲ್ಲ.

“ಕಾಯ್ ಡ್ರೈವರ್? ಮಾರ್ಕೆಟ್ ಯಾರ್ಡಿನ ಖೇಪು ಐದಕ್ಕಲ್ಲವಾ ನಿನ್ನದು? ದಿನಾ ಬರ್ತೀಯೇನು ಹೀಗೆ?”

ನನ್ನ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಗಟ್ಟಿ ಹಿಡಿದಿದ್ದೆ. ತೆಗೆಯಲಿಲ್ಲ.

“ರೋಜ್,” ಎಂದೆ.